ಮಗು ದಪ್ಪ, ಎಸ್‌ಜಿಪಿಟಿ ಜಾಸ್ತಿ: ದೋಷ ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಉಪ್ಪಳದ ಕಡೆಯ ಲ್ಯಾಬುಗಳಿಗೆ ಈಗೀಗ ಬರುವ ಒಂದು ದೂರು ಹೀಗಿರುತ್ತದೆ. ಎಂಟರಿಂದ ಹದಿಮೂರರ ಒಳಗಿನ ಮಗು, ವಯಸ್ಸಿಗೆ ಮೀರಿದ ತೂಕ. ಹೊಟ್ಟೆನೋವಿಗೋ ಸುಸ್ತಿಗೋ ರಕ್ತ ಕೊಟ್ಟಾಗ ಲಿವರಿನ ಪರೀಕ್ಷೆಯೂ ಜೊತೆಗೆ ಆಗಿದೆ. ಎಸ್‌ಜಿಪಿಟಿಯ ಎದುರು ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ. ರಿಪೋರ್ಟು ಇಂಗ್ಲಿಷಿನಲ್ಲಿ, ಆಸ್ಪತ್ರೆಯಲ್ಲಿ ಮಾತು ಮಲಯಾಳದಲ್ಲಿ, ಮನೆಗೆ ಬಂದ ಮೇಲೆ ಅಜ್ಜಿ ಕೇಳುವುದು ಕನ್ನಡದಲ್ಲೋ ತುಳುವಿನಲ್ಲೋ. ಒಬ್ಬರು "ಲಿವರ್ ಹಾಳಾಗಿದೆಯಂತೆ" ಎಂದು ಹೆದರಿ ಕೂರುತ್ತಾರೆ. ಇನ್ನೊಬ್ಬರು "ಮೈಕೈ ತುಂಬಿಕೊಂಡ ಮಕ್ಕಳಿಗೆ ಅದೆಲ್ಲ ಇರ್ತದೆ" ಎಂದು ಕಾಗದ ಮಡಚಿ ಕಪಾಟಿಗೆ ಸೇರಿಸುತ್ತಾರೆ. ಎರಡೂ ಅವಸರದ ತೀರ್ಮಾನ.

ಕೆಳಗಿರುವುದು ಲ್ಯಾಬಿನ ಮೇಜಿನ ಕಡೆಯಿಂದ ನೋಡಿದ ಹುಡುಕಾಟ. ಮದ್ದು ಬರೆಯುವುದು ಮಕ್ಕಳ ಡಾಕ್ಟರ ಕೆಲಸ, ಅದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಅವರ ಮುಂದೆ ಹೋಗಿ ಕೂರುವ ಮೊದಲು ಯಾವುದನ್ನು ತಳ್ಳಿಹಾಕಬಹುದು, ಯಾವುದನ್ನು ಕೇಳಲೇಬೇಕು ಎಂದು ತಿಳಿದಿದ್ದರೆ ಒಂದೆರಡು ಓಡಾಟವಾದರೂ ಉಳಿಯುತ್ತದೆ.

ಸಂಖ್ಯೆ ಅಳೆದದ್ದು ಏನನ್ನು

ಎಸ್‌ಜಿಪಿಟಿಗೆ ಈಗಿನ ಹೆಸರು ಎಎಲ್‌ಟಿ, ಎಸ್‌ಜಿಒಟಿಗೆ ಎಎಸ್‌ಟಿ. ಎರಡೂ ಕಿಣ್ವಗಳು, ಇರಬೇಕಾದ ಜಾಗ ಜೀವಕೋಶದ ಒಳಗೆ. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ಎಎಲ್‌ಟಿ ಹೆಚ್ಚಾಗಿ ಲಿವರಿನದ್ದು. ಎಎಸ್‌ಟಿ ಹಾಗಲ್ಲ, ಹೃದಯ, ಸ್ನಾಯು, ಕೆಂಪು ರಕ್ತಕಣಗಳಲ್ಲೂ ಧಾರಾಳ ಉಂಟು.

ನಮ್ಮ ಯಂತ್ರ ಕಿಣ್ವವನ್ನು ತೂಗುವುದಿಲ್ಲ, ಅದು ಕೆಲಸ ಮಾಡುವ ವೇಗವನ್ನು ನೋಡುತ್ತದೆ. ಸೀರಮ್ಮಿಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಅಲಾನಿನ್ ಮತ್ತು ಕೀಟೋಗ್ಲುಟರೇಟ್ ಎಂಬ ಎರಡು ರಾಸಾಯನಿಕ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಎಎಲ್‌ಟಿ ಅವುಗಳಿಂದ ಪೈರುವೇಟ್ ಮಾಡುತ್ತದೆ. ಆ ಪೈರುವೇಟನ್ನು ಇನ್ನೊಂದು ಕಿಣ್ವ ಲ್ಯಾಕ್ಟೇಟ್ ಮಾಡುವಾಗ ಎನ್‌ಎಡಿಎಚ್ ಎಂಬ ವಸ್ತು ಖರ್ಚಾಗುತ್ತದೆ. 340 ನ್ಯಾನೋಮೀಟರಿನ ಬೆಳಕನ್ನು ಹೀರುವುದು ಅದೇ. ಅದು ಎಷ್ಟು ಬೇಗ ಕರಗಿತು ಎಂಬ ಲೆಕ್ಕವೇ ರಿಪೋರ್ಟಿನ ಯೂನಿಟ್. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಪರಿವರ್ತನೆಯಾದರೆ ಒಂದು ಯೂನಿಟ್. ಅಳೆಯುವುದು ವೇಗವನ್ನಾದ್ದರಿಂದ ಯಂತ್ರದ ಉಷ್ಣತೆ, ಕಿಟ್‌ನಲ್ಲಿರುವ ರಾಸಾಯನಿಕ, ಸ್ಯಾಂಪಲ್ ಕಾದು ಕೂತ ಹೊತ್ತು ಎಲ್ಲವೂ ಸಂಖ್ಯೆಯನ್ನು ಅಲುಗಿಸಬಲ್ಲವು. ಹುಡುಕಾಟವನ್ನು ಮಗುವಿನ ಹೊಟ್ಟೆಯಿಂದಲ್ಲ, ಕಾಗದದಿಂದ ಶುರು ಮಾಡಬೇಕಾದ್ದು ಇದಕ್ಕೇ.

ಅಚ್ಚಾದ ಮಿತಿ ಯಾರಿಗೆ ಸೇರಿದ್ದು

ರಿಪೋರ್ಟಿನ ಬಲಗಡೆ ಅಚ್ಚಾಗಿರುವ "ನಾರ್ಮಲ್" ಮಿತಿ ಎಷ್ಟೋ ಕಡೆ ದೊಡ್ಡವರದ್ದು. ಕಿಟ್‌ನ ಡಬ್ಬಿಯಲ್ಲಿ ಬಂದ ಕಾಗದದಿಂದ ಎತ್ತಿ ಸಾಫ್ಟ್‌ವೇರಿಗೆ ಹಾಕಿದ್ದು. ಐವತ್ತರ ಗಂಡಸಿಗೂ ಹತ್ತರ ಹುಡುಗಿಗೂ ಅದೇ. ಇದು ಎರಡು ದಿಕ್ಕಿನಲ್ಲೂ ದಾರಿ ತಪ್ಪಿಸುತ್ತದೆ.

ಒಂದು, ಇಲ್ಲದ ಹೆದರಿಕೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಅದೇ ಪುಟದಲ್ಲಿರುತ್ತದೆ. ಬೆಳೆಯುವ ಮಕ್ಕಳ ಮೂಳೆಯಿಂದಲೂ ಅದು ರಕ್ತಕ್ಕೆ ಬರುವುದರಿಂದ ದೊಡ್ಡವರ ಮಿತಿಯ ಎರಡು-ಮೂರು ಪಟ್ಟು ಇದ್ದರೂ ಮಗುವಿಗೆ ಸಹಜ. ಎತ್ತರ ಏರುವ ಹನ್ನೆರಡು-ಹದಿಮೂರರಲ್ಲಂತೂ ಇನ್ನೂ ಜಾಸ್ತಿ. ಅದೊಂದೇ ಹೆಚ್ಚಿದ್ದು ಎಸ್‌ಜಿಪಿಟಿ, ಜಿಜಿಟಿ (ಲಿವರಿನ ಇನ್ನೊಂದು ಕಿಣ್ವ), ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) ಸರಿ ಇದ್ದರೆ ಲಿವರನ್ನು ಬಿಟ್ಟುಬಿಡಿ. ಬೇಕಿದ್ದರೆ ವಿಟಮಿನ್ ಡಿ ನೋಡಿಸಿ.

ಎರಡು, ಸುಳ್ಳು ಸಮಾಧಾನ. ಇದು ಹೆಚ್ಚು ಅಪಾಯದ್ದು. ಅಚ್ಚಾದ ಮಿತಿ 45 ಎಂದಿರುತ್ತದೆ, ಮಗುವಿನ ಎಸ್‌ಜಿಪಿಟಿ 41. ಯಂತ್ರ ಗುರುತು ಹಾಕುವುದಿಲ್ಲ, ಯಾರೂ ನೋಡುವುದಿಲ್ಲ. ಆದರೆ 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೂಕ ಸರಿಯಿರುವ, ಲಿವರಿನ ಕಾಯಿಲೆ ಇಲ್ಲದ ಮಕ್ಕಳನ್ನಷ್ಟೇ ಆರಿಸಿ ಲೆಕ್ಕ ಹಾಕಿದಾಗ ಮೇಲಿನ ಮಿತಿ ಹುಡುಗರಿಗೆ 25.8, ಹುಡುಗಿಯರಿಗೆ 22.1 ಬಂತು. ಅದೇ ಹೊತ್ತಿಗೆ ಅಲ್ಲಿನ ಮಕ್ಕಳ ಆಸ್ಪತ್ರೆಗಳು ಬಳಸುತ್ತಿದ್ದ ಮಿತಿ 30ರಿಂದ 90ರವರೆಗೆ ಮನಸ್ಸಿಗೆ ಬಂದಂತೆ ಹರಡಿಕೊಂಡಿತ್ತು. 2017ರಲ್ಲಿ ಉತ್ತರ ಅಮೆರಿಕದ ಮಕ್ಕಳ ಜಠರ ಮತ್ತು ಲಿವರ್ ತಜ್ಞರ ಸಂಘ ಈ ಅಂಕಿಯನ್ನೇ ಹಿಡಿದು ದಾರಿ ಹಾಕಿಕೊಟ್ಟಿತು: ಹುಡುಗರಿಗೆ 26, ಹುಡುಗಿಯರಿಗೆ 22 ಮಿತಿ. ಅದರ ಎರಡು ಪಟ್ಟು, ಅಂದರೆ 52 ಮತ್ತು 44, ಮೂರು ತಿಂಗಳ ಮೇಲೂ ಇಳಿಯದೆ ನಿಂತರೆ ಕಾರಣ ಹುಡುಕಬೇಕು. 80 ದಾಟಿದರೆ ಕಾಯುತ್ತ ಕೂರಬಾರದು.

ಹಾಗಾಗಿ ತೂಕ ಹೆಚ್ಚಿರುವ ಮಗುವಿನ ರಿಪೋರ್ಟು ಕೈಗೆ ಬಂದಾಗ ಬಲಗಡೆಯ ಅಂಕಣವನ್ನು ಬೆರಳಿನಿಂದ ಮುಚ್ಚಿ, ಈ ಸಂಖ್ಯೆಗಳ ಜೊತೆ ಹೋಲಿಸಿ ನೋಡಿ.

ಸ್ಯಾಂಪಲ್ ಕೆಟ್ಟಿತ್ತೇ

ದುಂಡಗಿನ ಕೈಯಲ್ಲಿ ನರ ಸಿಗುವುದು ಕಷ್ಟ. ರಬ್ಬರ್ ಪಟ್ಟಿ ಬಿಗಿದು ಬಹಳ ಹೊತ್ತು ತಡಕಾಡಿ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು, ಆಮೇಲೆ ಸೂಜಿಯ ಮೂಲಕವೇ ವಯಲಿಗೆ ಒತ್ತಿ ಹಾಕಿದರೆ ಕೆಂಪು ಕಣಗಳು ಒಡೆಯುತ್ತವೆ. ಆಗ ಎಸ್‌ಜಿಒಟಿ, ಎಲ್‌ಡಿಎಚ್, ಪೊಟ್ಯಾಸಿಯಂ ಸುಳ್ಳೇ ಏರುತ್ತವೆ. ಎಸ್‌ಜಿಪಿಟಿಗೆ ತಟ್ಟುವುದು ಕಡಿಮೆ. ಎಸ್‌ಜಿಒಟಿ ಒಂದೇ ಮೇಲಿದ್ದು ಎಸ್‌ಜಿಪಿಟಿ ಸರಿ ಇದ್ದರೆ ಲ್ಯಾಬಿನವರನ್ನು ಕೇಳಿ, ಸೀರಂ ಕೆಂಪಗಿತ್ತೇ ಎಂದು. ಕೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ. ಮಾಡಿದರೆ ಲ್ಯಾಬ್ ಬದಲಿಸಿ.

ಇನ್ನೊಂದು ಸಂಗತಿ ಸಾಗಾಟ. ಒಳಪ್ರದೇಶದ ಸಂಗ್ರಹ ಕೇಂದ್ರಗಳಲ್ಲಿ ತೆಗೆದ ರಕ್ತ ಬೈಕಿನಲ್ಲೋ ಬಸ್ಸಿನಲ್ಲೋ ಪೇಟೆಗೆ ಹೋಗುತ್ತದೆ. ಸೀರಂ ಬೇರ್ಪಡಿಸದೆ ಗಂಟೆಗಟ್ಟಲೆ ಸೆಖೆಯಲ್ಲಿ ಕೂತರೆ ಒಂದು ಬಗೆಯ ತಪ್ಪು. ಬೇರ್ಪಡಿಸಿ ಸಾಮಾನ್ಯ ಫ್ರೀಜರಿಗೆ ಹಾಕಿದರೆ ಇನ್ನೊಂದು ಬಗೆ: ಅಲ್ಲಿ ಎಎಲ್‌ಟಿಯ ಚಟುವಟಿಕೆ ಕುಂದಿ ಸಂಖ್ಯೆ ಇಳಿಯುತ್ತದೆ. ಫ್ರಿಜ್ಜಿನ ತಂಪು ಸಾಕು.

ಗಡಿಯ ತಲಪಾಡಿಯ ಆಚೆ ಒಂದು, ಈಚೆ ಒಂದು

ನಮ್ಮವರು ಸಣ್ಣ ಕಾಯಿಲೆಗೆ ಇಲ್ಲೇ, ದೊಡ್ಡದಕ್ಕೆ ಮಂಗಳೂರಿಗೆ. ಹೀಗಾಗಿ ಒಂದೇ ಮಗುವಿನ ಕಡತದಲ್ಲಿ ಎರಡು ಮೂರು ಲ್ಯಾಬಿನ ಕಾಗದಗಳಿರುತ್ತವೆ. ಎಎಲ್‌ಟಿ ಕೆಲಸ ಮಾಡಲು ವಿಟಮಿನ್ ಬಿ6ರಿಂದ ಬರುವ ಒಂದು ಸಹಾಯಕ ವಸ್ತು ಬೇಕು. ಕೆಲವು ಕಿಟ್‌ಗಳಲ್ಲಿ ಅದನ್ನು ಸೇರಿಸಿರುತ್ತಾರೆ, ಕೆಲವದರಲ್ಲಿ ಇಲ್ಲ. ಸೇರಿಸದ ಕಿಟ್‌ನಲ್ಲಿ ಸಂಖ್ಯೆ ಸ್ವಲ್ಪ ಕಡಿಮೆಯೇ ಬರುತ್ತದೆ. ಅಲ್ಲಿ 58, ಇಲ್ಲಿ 49 ಬಂತೆಂದು "ಇಳಿಯಿತು" ಎಂದು ಖುಷಿಪಡುವಂತಿಲ್ಲ. ಏರಿತೋ ಇಳಿಯಿತೋ ನೋಡಬೇಕಾದರೆ ಮೊದಲು ಕೊಟ್ಟಲ್ಲಿಯೇ ಕೊಡಿ.

ಲಿವರಲ್ಲ, ಸ್ನಾಯು ಆಗಿರಬಹುದೇ

ಇಲ್ಲಿ ಸ್ವಲ್ಪ ನಿಲ್ಲಬೇಕು. ದಪ್ಪ ಮಗು, ಎಸ್‌ಜಿಪಿಟಿ ಜಾಸ್ತಿ ಎಂದ ಕೂಡಲೇ "ಫ್ಯಾಟಿ ಲಿವರ್" ಎಂದು ಬರೆದುಬಿಟ್ಟರೆ ತಪ್ಪಿಹೋಗುವುದು ಈ ಬಾಗಿಲು.

ಸ್ನಾಯುವಿನಲ್ಲಿ ಎಎಸ್‌ಟಿಯೂ ಇದೆ, ಸ್ವಲ್ಪ ಎಎಲ್‌ಟಿಯೂ ಇದೆ. ಶಾಲಾ ಕ್ರೀಡಾಕೂಟ ಮುಗಿದ ಮಾರನೇ ದಿನ, ಕಬಡ್ಡಿ ತರಬೇತಿ ಶುರುವಾದ ವಾರ, ಕಲೋತ್ಸವದ ಯಕ್ಷಗಾನಕ್ಕೆಂದು ದಿನವಿಡೀ ಧಿಗಿಣ ಹೊಡೆದ ಮೇಲೆ ರಕ್ತ ಕೊಟ್ಟರೆ ಎರಡೂ ಏರಿರಬಹುದು. ಅಭ್ಯಾಸವಿಲ್ಲದ ಭಾರದ ಮೈಗೆ ಇನ್ನೂ ಹೆಚ್ಚು. ಸೊಂಟಕ್ಕೆ ಚುಚ್ಚಿದ ಇಂಜೆಕ್ಷನ್ ಸಹ ಸ್ನಾಯುವಿನ ಕಿಣ್ವಗಳನ್ನು ಎಬ್ಬಿಸುತ್ತದೆ. ಒಂದು ವಾರ ಜೋರು ಆಟ ನಿಲ್ಲಿಸಿ ಪುನಃ ನೋಡಿದರೆ ಇದು ಬಗೆಹರಿಯುತ್ತದೆ. ರಕ್ತದಲ್ಲಿ ಎಎಸ್‌ಟಿ ಒಂದು ದಿನದೊಳಗೆ ಅರ್ಧಕ್ಕಿಳಿಯುತ್ತದೆ. ಎಎಲ್‌ಟಿಗೆ ಸುಮಾರು ಎರಡು ದಿನ ಬೇಕು.

ಬಗೆಹರಿಯದಿದ್ದರೆ? ಡುಶೇನ್ ಎಂಬ ಸ್ನಾಯುಕ್ಷಯದ ಕಾಯಿಲೆ ಗಂಡುಮಕ್ಕಳಲ್ಲಿ ಬರುತ್ತದೆ. ಆ ಮಕ್ಕಳ ಮೀನಖಂಡ ತುಂಬಿಕೊಂಡು ಗಟ್ಟಿಮುಟ್ಟಾಗಿ ಕಾಣುತ್ತದೆ. ಓಡುವುದಿಲ್ಲ, ಮೆಟ್ಟಿಲು ಹತ್ತಲು ತಡವರಿಸುತ್ತಾರೆ, ಬೇಗ ಬೀಳುತ್ತಾರೆ. ಮನೆಯವರೂ ಶಾಲೆಯವರೂ "ದಪ್ಪ, ಸೋಮಾರಿ" ಎಂದುಕೊಳ್ಳುತ್ತಾರೆ. ಲಿವರಿನ ಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ನೂರು ಇನ್ನೂರು ಬಂದಾಗ ವರ್ಷಗಟ್ಟಲೆ ಲಿವರಿನ ಹಿಂದೆಯೇ ಅಲೆದವರಿದ್ದಾರೆ. ಇದನ್ನು ಹಿಡಿಯಲು ಬೇಕಾದ್ದು ಒಂದು ಅಗ್ಗದ ಪರೀಕ್ಷೆ: ಸಿಕೆ, ಅಂದರೆ ಕ್ರಿಯಾಟಿನ್ ಕೈನೇಸ್. ಡುಶೇನ್ ಇದ್ದರೆ ಅದು ಸಾವಿರಗಳಲ್ಲಿ ಇರುತ್ತದೆ. ಜೊತೆಗೆ ಜಿಜಿಟಿ ನೋಡಿ. ಅದು ಸ್ನಾಯುವಿನಿಂದ ಬರುವುದಿಲ್ಲವಾದ್ದರಿಂದ ಸ್ನಾಯುವಿನ ದೋಷದಲ್ಲಿ ಸಹಜವಾಗಿಯೇ ಉಳಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ತಪಾಸಣೆಯೂ ಉಂಟು. ಮಗುವನ್ನು ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಿ, ಏನನ್ನೂ ಹಿಡಿಯದೆ ಏಳಲು ಹೇಳಿ. ಕೈಯನ್ನು ಮೊದಲು ನೆಲಕ್ಕೆ, ಆಮೇಲೆ ಮೊಣಕಾಲಿಗೆ, ತೊಡೆಗೆ ಊರುತ್ತ ತನ್ನ ಮೈಯನ್ನೇ ತಾನು ಹತ್ತಿ ಎದ್ದರೆ ತಡಮಾಡದೆ ಡಾಕ್ಟರಿಗೆ ಹೇಳಿ. ತಾಯಿಯ ಕಡೆಯಲ್ಲಿ, ಮಗುವಿನ ಸೋದರಮಾವಂದಿರಲ್ಲಿ, ಎಳವೆಯಲ್ಲೇ ನಡಿಗೆ ನಿಂತವರು ಯಾರಾದರೂ ಇದ್ದರೇ ಎಂದೂ ನೆನಪಿಸಿಕೊಳ್ಳಿ. ತೂಕದಿಂದ ಏಳಲು ಏದುಸಿರು ಬಿಡುವ ಮಗುವೇ ಬೇರೆ, ತೊಡೆಯಲ್ಲಿ ಬಲವೇ ಇಲ್ಲದ ಮಗುವೇ ಬೇರೆ. ಒಮ್ಮೆ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ.

ಜ್ವರ, ಮದ್ದು, ಬಳ್ಳಿ

ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಹೆಪಟೈಟಿಸ್ ಎ ನಮ್ಮಲ್ಲಿ ಹೊಸತಲ್ಲ. ಡೆಂಗಿಯಲ್ಲಿ ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಮೇಲಿರುವುದು ಸಾಮಾನ್ಯ. ಹೆಪಟೈಟಿಸ್ ಎಯಲ್ಲಿ ಎಸ್‌ಜಿಪಿಟಿ ಸಾವಿರ ದಾಟುವುದೂ ಉಂಟು, ಮೂತ್ರ ಕಡುಹಳದಿಯಾಗುತ್ತದೆ. ಬರೀ ಕೊಬ್ಬಿನಿಂದ ಸಾವಿರ ಬರುವುದಿಲ್ಲ, ಆ ಮಟ್ಟ ಕಂಡರೆ ತೂಕದ ಮಾತನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಸಾಮಾನ್ಯ ವೈರಲ್ ಜ್ವರವಾದ ಮೇಲೂ ಒಂದು ತಿಂಗಳು ಬಿಟ್ಟೇ ಮರುಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮದ್ದಿನ ಪಟ್ಟಿ ಕೊಡುವಾಗ ಏನನ್ನೂ ಬಿಡಬೇಡಿ. ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್, ಕ್ಷಯದ ಮಾತ್ರೆಗಳು, ಲೆಕ್ಕ ಮೀರಿದ ಪ್ಯಾರಸಿಟಮಾಲ್ ಲಿವರನ್ನು ತಟ್ಟಬಲ್ಲವು. "ಅದು ಮದ್ದಲ್ಲ, ಕಷಾಯ" ಎಂದು ಹೇಳದೇ ಬಿಡುವುದು ನಮ್ಮ ಅಭ್ಯಾಸ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದ ಕೆಲವರಲ್ಲಿ ಲಿವರಿನ ಉರಿಯೂತ ಕಂಡದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಹಿತ್ತಿಲಿನಲ್ಲಿ ಬೆಳೆದದ್ದು ಎಂಬ ಕಾರಣಕ್ಕೆ ಯಾವುದಕ್ಕೂ ವಿನಾಯಿತಿ ಇಲ್ಲ.

ಇವೆಲ್ಲ ಅಲ್ಲವಾದರೆ ಡಾಕ್ಟರು ಹೆಪಟೈಟಿಸ್ ಬಿ, ಸಿ, ಆಟೋಇಮ್ಯೂನ್ ಹೆಪಟೈಟಿಸ್ ಮತ್ತು ವಿಲ್ಸನ್ ಕಾಯಿಲೆಗೆ ನೋಡುತ್ತಾರೆ. ಕೊನೆಯದು ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ, ಅದಕ್ಕೆ ಸೆರುಲೊಪ್ಲಾಸ್ಮಿನ್ ಎಂಬ ಪರೀಕ್ಷೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು, ಮದ್ದು ಇದೆ, ತಡವಾದರೆ ಮಾತ್ರ ಕಷ್ಟ. ಥೈರಾಯ್ಡನ್ನು ಮರೆಯಬೇಡಿ. ತಿಂದು ದಪ್ಪವಾದ ಮಗು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವಾಗಿಯೇ ಇರುತ್ತದೆ. ದಪ್ಪವೂ ಆಗುತ್ತ ಗಿಡ್ಡವಾಗಿಯೂ ಉಳಿದರೆ ಹಾರ್ಮೋನಿನ ಕಡೆ ನೋಡಬೇಕು.

ಉಳಿದದ್ದು ಕೊಬ್ಬು

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು, ಮತ್ತು ಹೆಚ್ಚಿನ ಮಕ್ಕಳಲ್ಲಿ ನಿಜಕ್ಕೂ ಇರುವುದು, ಲಿವರಿನಲ್ಲಿ ಸೇರಿದ ಕೊಬ್ಬು. ಬೊಜ್ಜಿಗೆಂದು ಕ್ಲಿನಿಕ್ಕಿಗೆ ಬಂದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಇದು ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಲೆಕ್ಕ ಹಾಕಿದ್ದರು. 2023ರಿಂದ ಇದರ ವೈದ್ಯಕೀಯ ಹೆಸರು ಎಂಎಎಸ್‌ಎಲ್‌ಡಿ. ಹಳೆಯ ಕಾಗದಗಳಲ್ಲಿ ಎನ್‌ಎಎಫ್‌ಎಲ್‌ಡಿ.

ಕಾರಣದ ಸರಪಳಿ ಹೀಗೆ. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾದಂತೆ ಇನ್ಸುಲಿನ್ ಮಾತು ಕೇಳುವವರಿಲ್ಲ. ಕೊಬ್ಬಿನ ಕೋಶಗಳಿಂದ ಬಿಡುಗಡೆಯಾದ ಕೊಬ್ಬಿನಾಮ್ಲ ಲಿವರಿಗೆ ಬಂದು ಬೀಳುತ್ತದೆ. ಸಾಲದ್ದಕ್ಕೆ ಸಕ್ಕರೆಯ ಅರ್ಧಭಾಗವಾದ ಫ್ರಕ್ಟೋಸನ್ನು ಲಿವರೇ ಹೆಚ್ಚಾಗಿ ಸಂಭಾಳಿಸಬೇಕು, ಮಿಕ್ಕಿದ್ದನ್ನು ಕೊಬ್ಬು ಮಾಡಿಡುತ್ತದೆ. ತುಂಬಿದ ಕೋಶಗಳಲ್ಲಿ ಕೆಲವು ಉರಿಯೂತಕ್ಕೆ ತಿರುಗಿ ಒಡೆಯುತ್ತವೆ, ಎಎಲ್‌ಟಿ ಸೋರುತ್ತದೆ. ಈ ಹಂತದಲ್ಲಿ ಎಸ್‌ಜಿಪಿಟಿ ಎಸ್‌ಜಿಒಟಿಗಿಂತ ಮೇಲಿರುವುದು ವಾಡಿಕೆ, ಜಿಜಿಟಿಯೂ ತುಸು ಏರಬಹುದು.

ಮೈಯಲ್ಲಿ ಸಾಕ್ಷಿ ಹುಡುಕುವುದು ಸುಲಭ. ಕತ್ತಿನ ಹಿಂಭಾಗ, ಕಂಕುಳಲ್ಲಿ ಉಜ್ಜಿದರೂ ಹೋಗದ ಮಖಮಲ್ಲಿನಂಥ ಕಪ್ಪು ಇದೆಯೇ? ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಿರುವ ಗುರುತು. ಮಗುವನ್ನು ಬೈದು ತಿಕ್ಕಬೇಡಿ. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದೆಯೇ? ದರ್ಜಿಯ ಟೇಪ್ ಸಾಕು. ಬಿಎಂಐಯನ್ನು ದೊಡ್ಡವರ ಕೋಷ್ಟಕದಲ್ಲಿ ನೋಡಬೇಡಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಹೊರತಂದ 5ರಿಂದ 18 ವರ್ಷದವರ ಚಾರ್ಟು ಇದೆ. ದೊಡ್ಡವರ 23ಕ್ಕೆ ಸಮನಾದ ಗೆರೆ ದಾಟಿದರೆ ಅತಿತೂಕ, 27ಕ್ಕೆ ಸಮನಾದ್ದು ದಾಟಿದರೆ ಬೊಜ್ಜು.

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು. ಅಲ್ಟ್ರಾಸೌಂಡಿನಲ್ಲಿ ಕೊಬ್ಬು ಚೆನ್ನಾಗಿ ಸೇರಿದ ಮೇಲಷ್ಟೇ ಕಾಣುತ್ತದೆ. "ಸ್ಕ್ಯಾನಿಂಗ್ ನಾರ್ಮಲ್, ಹಾಗಾದರೆ ಏನೂ ಇಲ್ಲ" ಎಂಬ ತೀರ್ಮಾನ ಸರಿಯಲ್ಲ. ಎಸ್‌ಜಿಪಿಟಿ ಸರಿಯಿದ್ದ ಮಾತ್ರಕ್ಕೆ ಕೊಬ್ಬಿಲ್ಲ ಎನ್ನುವುದೂ ಸರಿಯಲ್ಲ.

"ಎಂಡೋಸಲ್ಫಾನ್‌ದ್ದಾ?"

ಎಣ್ಮಕಜೆ, ಬೆಳ್ಳೂರು ಕಡೆಯವರು ಈ ಪ್ರಶ್ನೆ ಕೇಳದೆ ಏಳುವುದಿಲ್ಲ, ಕೇಳಲು ಕಾರಣವೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದನ್ನು ಕಂಡ ಊರುಗಳು ಇವು. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಕೆಲವರು ಮಗುವಿಗೆ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಆ ಕಿಣ್ವ ಇಳಿಯುವುದು ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ವಿಷಗಳಿಂದ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್, ಅದು ಕೋಲಿನೆಸ್ಟರೇಸನ್ನು ಹಿಡಿಯುವುದಿಲ್ಲ. ಅಡಿಕೆಗೆ ಬಿಡುವ ಬೋರ್ಡೋ ಮದ್ದೂ ಹಾಗೆ, ಅದು ಮೈಲುತುತ್ತು ಮತ್ತು ಸುಣ್ಣ. ಹೀಗಾಗಿ ಈ ಪ್ರಶ್ನೆಗೆ ಆ ಪರೀಕ್ಷೆ ಉತ್ತರ ಕೊಡಲಾರದು. ತಮಾಷೆಯೆಂದರೆ ಲಿವರಿನಲ್ಲಿ ತಯಾರಾಗಿ ರಕ್ತಕ್ಕೆ ಬರುವ ಈ ಕೋಲಿನೆಸ್ಟರೇಸ್ ಬೊಜ್ಜಿರುವವರಲ್ಲಿ ಮೇಲಿರುವುದೇ ಹೆಚ್ಚು. ಹಾಗಾಗಿ ನಿಜಕ್ಕೂ ಆರ್ಗನೋಫಾಸ್ಫೇಟ್ ತಾಗಿದ ದಪ್ಪ ಮಗುವಿನಲ್ಲೂ ಅದು ಇಳಿದು "ನಾರ್ಮಲ್"ಗೆ ಬಂದು ನಿಲ್ಲಬಹುದು. ಹಣ ಖರ್ಚು ಮಾಡುವುದಾದರೆ ಸಿಕೆಗೂ ಥೈರಾಯ್ಡ್ ನೋಡುವ ಟಿಎಸ್‌ಎಚ್‌ಗೂ ಮಾಡಿ.

ಸರಿಪಡಿಸುವುದು

ಮಕ್ಕಳ ಫ್ಯಾಟಿ ಲಿವರಿಗೆಂದೇ ಒಪ್ಪಿಗೆ ಪಡೆದ ಮದ್ದು ಇಲ್ಲ. ಬಾಟಲಿಯಲ್ಲಿ ಬರುವ ಲಿವರ್ ಟಾನಿಕ್ಕಿಗೆ ತಿಂಗಳು ತಿಂಗಳು ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಕಿರಿಕಿರಿ. ಎಷ್ಟೋ ಟಾನಿಕ್ಕಿನಲ್ಲಿ ಸಕ್ಕರೆಯ ಪಾಕವೇ ಇರುತ್ತದೆ. ವಿಟಮಿನ್ ಇ ಮತ್ತು ಮೆಟ್‌ಫಾರ್ಮಿನ್ ಎರಡನ್ನೂ ಮಕ್ಕಳ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಕೊಟ್ಟಿದ್ದರು: ಎಎಲ್‌ಟಿಯನ್ನು ಇಳಿಸಿ ನಿಲ್ಲಿಸುವುದರಲ್ಲಿ ಸುಳ್ಳುಮಾತ್ರೆಗಿಂತ ಎರಡೂ ಮೇಲಾಗಲಿಲ್ಲ.

ಕೆಲಸ ಮಾಡಿದ್ದು ಸಕ್ಕರೆ ಬಿಡುವುದು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 11ರಿಂದ 16 ವರ್ಷದ 40 ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರ ಸೇರಿಸಿದ ಸಕ್ಕರೆಯನ್ನು ಬಹುತೇಕ ತೆಗೆದು ಊಟ ಕೊಟ್ಟರು, ಉಳಿದವರು ಎಂದಿನಂತೆ ಉಂಡರು. ಸಕ್ಕರೆ ಬಿಟ್ಟವರ ಲಿವರಿನ ಕೊಬ್ಬು ಶೇಕಡಾ 25ರಿಂದ 17ಕ್ಕೆ ಇಳಿಯಿತು, ಎಂದಿನಂತೆ ಉಂಡವರದ್ದು 21ರಿಂದ 20ಕ್ಕೆ. ಎಎಲ್‌ಟಿಯೂ ಇಳಿಯಿತು.

ನಮ್ಮ ಕಡೆ ಸಕ್ಕರೆ ಬರುವ ದಾರಿಗಳು ಗೊತ್ತೇ ಇವೆ: ಬೇಕರಿಯ ಲೈಮ್ ಸೋಡಾ, ಅವಿಲ್ ಮಿಲ್ಕ್, ಶೇಕ್, ನಾಲ್ಕು ಗಂಟೆಯ ಚಾದ ಜೊತೆ ಪಫ್ಸ್, ಬಿಸ್ಕತ್ತು. ಕೋಲಾದಂಥ ಪಾನೀಯದಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ. ಹಾಲಿಗೆ ಬೆರೆಸುವ ಚಾಕೊಲೇಟು ಪುಡಿಯನ್ನು ಮನೆಯವರು ಪೌಷ್ಟಿಕ ಎಂದೇ ನಂಬಿದ್ದಾರೆ. ಅಂಥವನ್ನು "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿದ್ದು 2024ರ ಏಪ್ರಿಲಿನಲ್ಲಿ. ಬೆಲ್ಲ, ಜೇನು ಹಾಕಿದರೆ ಪರವಾಗಿಲ್ಲ ಎಂಬುದು ಬರೀ ಸಮಾಧಾನ, ಲಿವರಿಗೆ ಅದೂ ಸಕ್ಕರೆಯೇ. ಕೇರಳ ಸರಕಾರ 2016ರಲ್ಲಿ ಬರ್ಗರ್, ಪಿಜ್ಜಾಗಳಿಗೆ ಶೇಕಡಾ 14.5ರ ತೆರಿಗೆ ಹಾಕಿತ್ತು, ಅದು ಬ್ರ್ಯಾಂಡಿನ ಹೋಟೆಲುಗಳಿಗೆ ಮಾತ್ರ. ನಮ್ಮ ಪೇಟೆಯ ಪಫ್ಸಿಗೆ ಅದು ತಾಗಲೇ ಇಲ್ಲ.

ಕುಚ್ಚಿಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಬಸಳೆ, ಮೀನು ತಿನ್ನುವ ಮನೆಯಾದರೆ ಬೂತಾಯಿ ಸಾರು: ಇದರಲ್ಲಿ ಬದಲಿಸಬೇಕಾದ್ದು ಹೆಚ್ಚೇನಿಲ್ಲ, ಗಂಜಿಯ ಅಳತೆ ನೋಡಿಕೊಳ್ಳಬೇಕಷ್ಟೆ. ಕರಿದ ಮೀನು, ಹಪ್ಪಳ ದಿನಾ ಬೇಡ. ಮಗುವನ್ನು ಉಪವಾಸ ಕೆಡವಬೇಡಿ. ತೂಕ ದಡಬಡ ಇಳಿದರೆ ಎಎಲ್‌ಟಿ ಕೆಲಕಾಲ ಏರುವುದೂ ಉಂಟು. ಬೆಳೆಯುವ ಮಗುವಿಗೆ ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೂ ಲಾಭವೇ. ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ ಇರಲಿ.

ಮರುಪರೀಕ್ಷೆ ಮೂರು ತಿಂಗಳಿಗೆ. ಅದೇ ಲ್ಯಾಬ್, ಹಿಂದಿನ ವಾರ ಜೋರು ಆಟವಿಲ್ಲ, ಜ್ವರವಾಗಿ ತಿಂಗಳಾದರೂ ಕಳೆದಿರಬೇಕು. ಎಸ್‌ಜಿಪಿಟಿಗೆ ಬರೀ ಹೊಟ್ಟೆ ಬೇಕಿಲ್ಲ, ಜೊತೆಗೆ ಸಕ್ಕರೆ, ಕೊಲೆಸ್ಟರಾಲ್ ಬರೆದಿದ್ದರೆ ಬೇಕು. ಹಳೆಯ ರಿಪೋರ್ಟುಗಳನ್ನು ತನ್ನಿ, ಮೊಬೈಲಿನ ಫೋಟೋ ಆದರೂ ಸಾಕು. ಕಣ್ಣು ಹಳದಿ, ವಾಂತಿಯಲ್ಲಿ ರಕ್ತ, ಹೊಟ್ಟೆ ಊದುವುದು, ಮಂಪರು ಇದ್ದರೆ ಮೂರು ತಿಂಗಳ ಮಾತೇ ಇಲ್ಲ, ಆ ದಿನವೇ ಆಸ್ಪತ್ರೆಗೆ. ಎಲ್ಲ ಸರಿ ಬಂದು ತೂಕ ಮಾತ್ರ ಹಾಗೆಯೇ ಉಳಿದರೆ ಎರಡು-ಮೂರು ವರ್ಷಕ್ಕೊಮ್ಮೆ ಎಸ್‌ಜಿಪಿಟಿ ನೋಡಿಸಿ. ಈ ನಡುವೆ ತೂಕ ಇನ್ನಷ್ಟು ಏರಿದರೆ ಅದಕ್ಕೂ ಮೊದಲೇ.